ತಗಡಿನ ಬಾಯಿ ಕಟ್ಟಿದವರು

ಮೊದಮೊದಲ ಕಾರುಗಳ ಮೈ ಹೆಚ್ಚಾಗಿ ಮರದ್ದು. ಕುದುರೆ ಸಾರೋಟು ಕಟ್ಟುತ್ತಿದ್ದ ಬಡಗಿಗಳೇ ಕಾರಿನ ಮೈಯನ್ನೂ ಕಟ್ಟುತ್ತಿದ್ದರು. ಮರದ ಚೌಕಟ್ಟು, ಅದರ ಮೇಲೆ ಮೊಳೆ ಹೊಡೆದು ಕೂರಿಸಿದ ತಗಡು ಇಲ್ಲವೇ ಬಟ್ಟೆ. ಮರ ಕಿರುಗುಟ್ಟುತ್ತಿತ್ತು, ನೀರು ಕುಡಿದು ಸೊಟ್ಟಗಾಗುತ್ತಿತ್ತು, ಗುದ್ದಿದರೆ ಸೀಳಿಹೋಗುತ್ತಿತ್ತು. ಆದರೂ ಅದಕ್ಕೊಂದು ಗುಣವಿತ್ತು: ಬಡಿದರೆ ಸದ್ದು ಅಲ್ಲೇ ಸಾಯುತ್ತಿತ್ತು. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಮತ್ತು ಅವರ ಎಂಜಿನಿಯರ್ ಜೋಸೆಫ್ ಲೆಡ್ವಿಂಕಾ 1910ರ ದಶಕದಲ್ಲಿ ಪೂರ್ತಿ ಉಕ್ಕಿನ ಮೈ ತಯಾರಿಸಿ ಡಾಡ್ಜ್ ಸೋದರರಂಥವರಿಗೆ ಒದಗಿಸತೊಡಗಿದರು. ಕಾರು ಗಟ್ಟಿಯಾಯಿತು, ಬೇಗ ಬೇಗ ತಯಾರಾಯಿತು. ಜೊತೆಗೆ ಮೊರೆಯತೊಡಗಿತು.

ಚಾವಣಿ ಮಾತ್ರ ಬಹುಕಾಲ ಬಟ್ಟೆಯದಾಗಿಯೇ ಉಳಿಯಿತು. ಅಷ್ಟು ಅಗಲದ ಉಕ್ಕಿನ ಹಾಳೆಯನ್ನು ಉರುಳಿಸಿಕೊಡುವ ಗಿರಣಿಗಳು ಆಗ ಇರಲಿಲ್ಲ ಎಂಬುದು ಒಂದು ಕಾರಣ. ಅಷ್ಟಗಲದ ತಗಡು ತಲೆಯ ಮೇಲೆ ಗುಡುಗುತ್ತದೆಂಬ ಭಯ ಇನ್ನೊಂದು. 1935ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ 'ಟರೆಟ್ ಟಾಪ್' ಎಂಬ ಹೆಸರಿನಲ್ಲಿ ಒಂದೇ ಹಾಳೆಯ ಉಕ್ಕಿನ ಚಾವಣಿಯನ್ನು ತಂದಿತು. ಆ ಹೊತ್ತಿಗೆ ಕಾರ್ಖಾನೆಗಳ ಬಳಿ ಇದ್ದ ಮದ್ದೆಂದರೆ ಡಾಂಬರಿನಲ್ಲಿ ನೆನೆಸಿದ ಫೆಲ್ಟು, ಡಾಂಬರಿನ ಲೇಪ, ನಾರಿನ ಮೆತ್ತೆ. ಕೆಲಸ ಅಷ್ಟಿಷ್ಟು ಆಗುತ್ತಿತ್ತು, ಯಾಕೆ ಆಗುತ್ತಿದೆಯೆಂದು ಲೆಕ್ಕ ಹಾಕಿ ಹೇಳಬಲ್ಲವರು ಇರಲಿಲ್ಲ.

ಆ 'ಯಾಕೆ'ಗೆ ಪೂರ್ಣ ಉತ್ತರ ಸಿಕ್ಕಿದ್ದು 1959ರಲ್ಲಿ. ಇವತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬೆನ್ನಿಗೆ ಅಲ್ಯೂಮಿನಿಯಂ ಹಾಳೆ, ಹೊಟ್ಟೆಗೆ ಕಪ್ಪು ಅಂಟು ಇರುವ ಶೀಟನ್ನು ಕೊಂಡು, ಮನೆಯಂಗಳದಲ್ಲಿ ನಾವೇ ಕಾರಿನ ಬಾಗಿಲಿಗೆ ಹಚ್ಚುತ್ತೇವಲ್ಲ, ಅದೇ ಆ ಉತ್ತರ. 'ಡೋರ್ ಡ್ಯಾಂಪಿಂಗ್' ಎಂದು ನಾವು ಸಲೀಸಾಗಿ ಕರೆಯುವ ಈ ಕೆಲಸದ ಹಿಂದೆ ಇಷ್ಟು ಸೊಗಸಾದ ವಿಜ್ಞಾನವಿದೆ ಎಂಬುದು ನನಗೆ ಇವತ್ತಿಗೂ ಸಂಭ್ರಮದ ಸಂಗತಿ. ಅದು ಗೊತ್ತಿಲ್ಲದೆ ಹಚ್ಚಿದರೆ ದುಡ್ಡು ಪೋಲಾಗುತ್ತದೆ, ಗೊತ್ತಿದ್ದು ಹಚ್ಚಿದರೆ ಅರ್ಧದಷ್ಟು ಶೀಟು ಸಾಕಾಗುತ್ತದೆ.

ತಗಡು ಹೇಗೆ ನಡುಗುತ್ತದೆ ಎಂಬುದನ್ನು ಲೋಕದ ಕಣ್ಣಿಗೆ ಕಾಣಿಸಿದವರು ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ. ಫಲಕದ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ಮೂಡಿದ ಚಿತ್ರಗಳನ್ನು 1787ರಲ್ಲಿ ಪ್ರಕಟಿಸಿದರು. ಕುಣಿಯುವ ಜಾಗದಿಂದ ಮರಳು ಓಡಿ, ಅಲುಗದ ಗೆರೆಗಳ ಮೇಲೆ ಹೋಗಿ ಕೂರುತ್ತಿತ್ತು. ಇಂಗ್ಲೆಂಡಿನ ರಾಬರ್ಟ್ ಹುಕ್ ನೂರು ವರ್ಷ ಮೊದಲೇ ಗಾಜಿನ ಮೇಲೆ ಹಿಟ್ಟು ಹರಡಿ ಇಂಥದ್ದನ್ನು ಕಂಡಿದ್ದರು. ಕ್ಲಾಡ್ನಿಯ ಪ್ರಯೋಗವನ್ನು ನೆಪೋಲಿಯನ್ ನೋಡಿ ಬೆರಗಾದ. ಇದರ ಗಣಿತ ಬಿಡಿಸಿದವರಿಗೆ ಬಹುಮಾನವೆಂದು ಪ್ಯಾರಿಸ್ಸಿನಲ್ಲಿ ಘೋಷಣೆಯಾಯಿತು. ಹೆಣ್ಣೆಂಬ ಕಾರಣಕ್ಕೆ ಕಾಲೇಜಿನ ಬಾಗಿಲು ಮುಚ್ಚಿಸಿಕೊಂಡಿದ್ದ ಸೋಫಿ ಜರ್ಮೇನ್ ಮೂರನೆಯ ಯತ್ನದಲ್ಲಿ, 1816ರಲ್ಲಿ, ಅದನ್ನು ಗೆದ್ದರು.

ಈ ಕತೆಗೂ ಬೆಂಗಳೂರಿಗೂ ಇಲ್ಲೊಂದು ನಂಟಿದೆ. ಮೃದಂಗದ ಬಲಮುಖದ ನಡುವೆ ಇರುವ ಕಪ್ಪು ಕರಣೆಯ ಕೆಲಸವೇನು ಎಂಬ ಪ್ರಶ್ನೆ ಸಿ.ವಿ. ರಾಮನ್ ಅವರನ್ನು ವರ್ಷಗಟ್ಟಲೆ ಕಾಡಿತ್ತು. ಬರಿಯ ಚರ್ಮವನ್ನು ಬಡಿದರೆ ಏಳುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಸದ್ದು ಒರಟಾಗುತ್ತದೆ. ನಡುವೆ ತೂಕ ಹಚ್ಚಿದಾಗ ಅವು ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎಂದು ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, 1934ರಲ್ಲಿ, ಅದನ್ನೇ ವಿಸ್ತರಿಸಿ ದೊಡ್ಡ ಪ್ರಬಂಧ ಪ್ರಕಟಿಸಿದರು. ಮೃದಂಗದವರಿಗೆ ಬೇಕಾದ್ದು ಇಂಪಾದ ನಾದ, ಕಾರಿನವರಿಗೆ ಬೇಕಾದ್ದು ನಾದವೇ ಇಲ್ಲದಿರುವುದು. ಇಬ್ಬರಿಗೂ ಪಾಠ ಮಾತ್ರ ಒಂದೇ: ಎಷ್ಟು ಹಚ್ಚಿದಿರಿ ಎಂಬುದರಷ್ಟೇ ಎಲ್ಲಿ ಹಚ್ಚಿದಿರಿ ಎಂಬುದೂ ಮುಖ್ಯ. ಬಾಗಿಲಿನ ಹೊರತಗಡನ್ನು ಬೆರಳ ಗೆಣ್ಣಿನಿಂದ ನಡುವೆ ಒಮ್ಮೆ, ಅಂಚಿಗೆ ಒಮ್ಮೆ ಬಡಿದು ನೋಡಿ. ನಡುವೆ ಟಣ್ಣೆನ್ನುತ್ತದೆ, ಅಂಚಿನಲ್ಲಿ ಮಂಕಾಗುತ್ತದೆ. ಹಚ್ಚಬೇಕಾದ ಜಾಗವನ್ನು ತಗಡೇ ತೋರಿಸಿಕೊಡುತ್ತದೆ.

ಆದರೆ ತಗಡು ಕಟ್ಟುವವರು ಬಹುಕಾಲ ತೂಕವನ್ನೇ ನಂಬಿದ್ದರು. ಅದಕ್ಕೆ ಆಧಾರವೂ ಇತ್ತು. ಜರ್ಮನಿಯ ರಿಚರ್ಡ್ ಬರ್ಗರ್ 1911ರ ಸುಮಾರಿಗೆ ಅಳೆದು ತೋರಿಸಿದಂತೆ, ಗೋಡೆಯ ತೂಕ ಇಮ್ಮಡಿಯಾದಾಗ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕಾರಿನ ಬಾಗಿಲಿನ ತಗಡು 0.8 ಮಿಲಿಮೀಟರ್ ದಪ್ಪವಿದ್ದರೆ ಚದರ ಮೀಟರಿಗೆ ಆರು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಅದನ್ನು ಇಮ್ಮಡಿ ಮಾಡಿದರೆ 6 ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾದಂತೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ ಮೂರು ಪಟ್ಟಿಗೂ ಹೆಚ್ಚು ತೂಕ. ಮನೆಯ ಗೋಡೆಗೆ ಇದು ಸರಿ. ಓಡುವ ಗಾಡಿಗೆ, ಅದರಲ್ಲೂ ಹಾರುವ ವಿಮಾನಕ್ಕೆ, ಇದು ಕೈಗೂಡುವ ಮಾತಲ್ಲ.

ತೂಕದ ದಾರಿ ಬಿಟ್ಟು ಯೋಚಿಸುವ ಒತ್ತಡ ಬಂದದ್ದೇ ವಿಮಾನಗಳಿಂದ. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದೊಳಗಿನ ಗದ್ದಲ ಪೈಲಟ್ಟುಗಳನ್ನು ದಣಿಸುತ್ತಿದೆಯೇ ಎಂದು ತಿಳಿಯಲು ಅಮೆರಿಕ ಸರ್ಕಾರ ಹಾರ್ವರ್ಡಿನಲ್ಲಿ ಒಂದು ಪ್ರಯೋಗಶಾಲೆಗೆ ಹಣ ಕೊಟ್ಟಿತು. ಅದನ್ನು ನಡೆಸಿದವರು ಲಿಯೋ ಬೆರನೆಕ್. ಯುದ್ಧ ಮುಗಿದ ಮೇಲೆ, 1948ರಲ್ಲಿ, ಅವರು ರಿಚರ್ಡ್ ಬೋಲ್ಟ್ ಜೊತೆ ಸೇರಿ ಮ್ಯಾಸಚುಸೆಟ್ಸಿನ ಕೇಂಬ್ರಿಜ್‌ನಲ್ಲಿ ಸದ್ದಿನ ಸಲಹೆಗಾರರ ಕಂಪನಿಯೊಂದನ್ನು ತೆರೆದರು. ರಾಬರ್ಟ್ ನ್ಯೂಮನ್ ಸೇರಿಕೊಂಡ ಮೇಲೆ ಅದು ಬೋಲ್ಟ್, ಬೆರನೆಕ್ ಅಂಡ್ ನ್ಯೂಮನ್ ಆಯಿತು. 1969ರಲ್ಲಿ ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ಟಿನ ಯಂತ್ರಗಳನ್ನು ಕಟ್ಟಿಕೊಟ್ಟದ್ದೂ ಇದೇ ಕಂಪನಿ. ನಮ್ಮ ಕತೆಗೆ ಬೇಕಾದ ಕೆಲಸ ಅಲ್ಲಿ ಅದಕ್ಕೆ ಹತ್ತು ವರ್ಷ ಮುಂಚೆ ನಡೆಯಿತು.

ಅದಕ್ಕೂ ಮೊದಲು ಜರ್ಮನಿಯ ಹರ್ಮನ್ ಓಬರ್ಸ್ಟ್ ಒಂದು ದೊಡ್ಡ ಹೆಜ್ಜೆ ಇಟ್ಟಿದ್ದರು. ಉಕ್ಕಿನೊಳಗೆ ಘರ್ಷಣೆ ತೀರಾ ಕಡಿಮೆ. ಒಮ್ಮೆ ಬಡಿದರೆ ನೂರಾರು ಸಲ ಓಲಾಡಿದ ಮೇಲೇ ಅದು ಸುಮ್ಮನಾಗುವುದು. ಆ ಓಲಾಟದ ಶಕ್ತಿಯನ್ನು ಕದ್ದು ಶಾಖವಾಗಿ ಕರಗಿಸುವ ಲೇಪವೊಂದು ತಗಡಿಗೆ ಅಂಟಿಕೊಂಡಿದ್ದರೆ? 1952ರಲ್ಲಿ 'ಅಕುಸ್ಟಿಕಾ' ಪತ್ರಿಕೆಯಲ್ಲಿ ಓಬರ್ಸ್ಟ್ ಅದರ ಲೆಕ್ಕ ಕೊಟ್ಟರು. ತಗಡು ಬಾಗಿದಾಗ ಅದರ ಮೇಲಿನ ಲೇಪ ಹಿಗ್ಗುತ್ತದೆ, ಕುಗ್ಗುತ್ತದೆ. ಪ್ರತಿ ಸಲವೂ ಒಂದಿಷ್ಟು ಶಕ್ತಿ ನುಂಗುತ್ತದೆ. ಒಂದು ಮಿತಿಯವರೆಗೆ ಈ ನುಂಗುವ ಬಲ ಸುಮಾರಾಗಿ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಬಲ ಸುಮಾರು ನಾಲ್ಕು ಪಟ್ಟು. ಇದರ ಮಗ್ಗುಲಿಗೇ ಒಂದು ಕೆಟ್ಟ ಸುದ್ದಿಯೂ ಇತ್ತು. ತೆಳು ಲೇಪ ಹೆಚ್ಚುಕಮ್ಮಿ ವ್ಯರ್ಥ. ತಗಡಿಗಿಂತ ಎರಡು ಮೂರು ಪಟ್ಟು ದಪ್ಪ ಹಚ್ಚಿದರೇ ಪ್ರಯೋಜನ. ಕಾರ್ಖಾನೆಗಳು ನೆಲಕ್ಕೆ ದಪ್ಪ ಡಾಂಬರಿನ ಬಿಲ್ಲೆಗಳನ್ನು ಹಾಕಿ, ಬಣ್ಣದ ಒಲೆಯ ಶಾಖದಲ್ಲೇ ಕರಗಿಸಿ ಅಂಟಿಸುವ ಪದ್ಧತಿಗೆ ಇದರಿಂದ ಲೆಕ್ಕದ ಬೆಂಬಲ ಸಿಕ್ಕಿತು. ಲೋಹದ ಪಟ್ಟಿಗೆ ಲೇಪ ಹಚ್ಚಿ ಅಳೆಯುವ, ಓಬರ್ಸ್ಟ್ ರೂಪಿಸಿದ ಪರೀಕ್ಷೆ ಅವರ ಹೆಸರಿನಲ್ಲೇ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿಂದ ಮುಂದಿನ ಹೆಜ್ಜೆಯೇ ನನಗೆ ಈ ಕತೆಯ ಜೀವಾಳ. ಲೇಪದ ಮೇಲೆ ಇನ್ನೊಂದು ತೆಳು ಲೋಹದ ಹಾಳೆ ಕೂರಿಸಿದರೆ ಏನಾಗುತ್ತದೆ? ಸ್ವಾಲೋ ಎಂಬವರು 1939ರಲ್ಲೇ ಬ್ರಿಟನ್ನಿನಲ್ಲಿ ಇಂಥದ್ದೊಂದು ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಪೇಟೆಂಟ್ ಇತ್ತು, ಸಿದ್ಧಾಂತ ಇರಲಿಲ್ಲ. ಬೆರನೆಕ್ಕರ ಕಂಪನಿಯಲ್ಲಿದ್ದ ಎಡ್ವರ್ಡ್ ಕರ್ವಿನ್ ಅದಕ್ಕೆ ಕೈ ಹಾಕಿದರು. 1959ರಲ್ಲಿ ಅವರ ಪ್ರಬಂಧ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಡೊನಾಲ್ಡ್ ರಾಸ್ ಮತ್ತು ಎರಿಕ್ ಉಂಗರ್ ಜೊತೆ ಬರೆದ ಇನ್ನೊಂದು ಪ್ರಬಂಧವೂ ಹೊರಬಂತು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಎಂಜಿನಿಯರುಗಳು ಆ ವಿಧಾನವನ್ನು ಈಗಲೂ 'ಆರ್‌ಕೆಯು' ಎನ್ನುತ್ತಾರೆ.

ಕರ್ವಿನ್ ಕಂಡದ್ದು ಇಷ್ಟು. ದಪ್ಪ ನೋಟ್‌ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ: ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಅಂಚು ಓರೆಯಾಗುತ್ತದೆ. ಕಾರಿನ ತಗಡು ಬಾಗಿದಾಗಲೂ ಹಾಗೆಯೇ. ಮೇಲಿನ ಅಲ್ಯೂಮಿನಿಯಂ ಹಾಳೆ ಹಿಗ್ಗಲು ಒಪ್ಪುವುದಿಲ್ಲ, ಕೆಳಗಿನ ತಗಡು ಬಾಗದೆ ಬಿಡುವುದಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡ ಅಂಟಿನ ಪದರ ಓರೆಯಾಗಿ ಜಗ್ಗಿಸಿಕೊಳ್ಳುತ್ತದೆ. ಬರಿಯ ಲೇಪ ಹಿಗ್ಗಿ ಕುಗ್ಗಿ ಕದಿಯುವ ಶಕ್ತಿಗಿಂತ ಹೀಗೆ ಜಗ್ಗುವಾಗ ಕದಿಯುವ ಶಕ್ತಿ ಎಷ್ಟೋ ಹೆಚ್ಚು. ದಪ್ಪವಿಲ್ಲದೆ, ಹೆಚ್ಚು ತೂಕವಿಲ್ಲದೆ, ಒಂದು ತೆಳು ಅಂಟು ತಗಡಿನ ಬಾಯಿ ಕಟ್ಟಬಲ್ಲುದು ಎಂದು ಆ ಪ್ರಬಂಧ ಲೆಕ್ಕ ಸಮೇತ ತೋರಿಸಿತು.

ಅದರಲ್ಲೇ ಇನ್ನೊಂದು ಸೂಕ್ಷ್ಮವೂ ಇತ್ತು. ಅಂಟು ತೀರಾ ಮೆತ್ತಗಿದ್ದರೆ ಸುಮ್ಮನೆ ಜಾರುತ್ತದೆ, ತೀರಾ ಗಟ್ಟಿಯಿದ್ದರೆ ಜಗ್ಗುವುದೇ ಇಲ್ಲ. ಇವೆರಡರ ನಡುವೆ ಒಂದು ಹದವಿದೆ, ಆ ಹದ ಶಾಖಕ್ಕೂ ಕಂಪನದ ವೇಗಕ್ಕೂ ತಕ್ಕಂತೆ ಬದಲಾಗುತ್ತದೆ. ಮೇಲಿನ ಹಾಳೆ ಬಿಗಿಯಾಗಿರಲೇಬೇಕು. ಅಂಗಡಿಯಲ್ಲಿ ಶೀಟಿನ ಒಟ್ಟು ದಪ್ಪವನ್ನಷ್ಟೇ ಹೊಗಳುವವರನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆ ಅಲ್ಯೂಮಿನಿಯಂ ಎಷ್ಟು ದಪ್ಪ ಎಂಬುದು. ಉಗುರಿನಿಂದ ಗೀರಿದರೆ ಹರಿಯುವ ತಗಡುಕಾಗದ ಕರ್ವಿನ್ ಹೇಳಿದ ಕೆಲಸ ಮಾಡಲಾರದು.

ಹದವಾದ ಆ ಅಂಟು ಮಾತ್ರ ಅಷ್ಟರಲ್ಲಾಗಲೇ ಹುಟ್ಟಿತ್ತು, ಬೇರೆಯದೇ ಕಾರಣಕ್ಕೆ. 1937ರಲ್ಲಿ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಐಸೊಬ್ಯುಟಿಲೀನ್‌ಗೆ ಚೂರು ಐಸೊಪ್ರೀನ್ ಬೆರೆಸಿ ಬ್ಯೂಟೈಲ್ ರಬ್ಬರ್ ತಯಾರಿಸಿದರು. ಅದರ ಸರಪಳಿಯುದ್ದಕ್ಕೂ ಮೀಥೈಲ್ ಗುಂಪುಗಳು ಒತ್ತೊತ್ತಾಗಿ ಕಿಕ್ಕಿರಿದಿರುತ್ತವೆ. ಗಾಳಿ ನುಸುಳಲು ಸಂದಿಲ್ಲ, ಹಾಗಾಗಿ ಟೈರಿನ ಟ್ಯೂಬಿಗೆ ಅದು ಹೇಳಿ ಮಾಡಿಸಿದಂತಾಯಿತು. ಅದೇ ಕಿಕ್ಕಿರಿತದಿಂದ ಸರಪಳಿಗಳು ತಿರುಗಾಡಲು ತಿಣುಕುತ್ತವೆ, ಶಕ್ತಿ ಒಳಗೇ ಸವೆಯುತ್ತದೆ. ಬ್ಯೂಟೈಲಿನ ಚೆಂಡನ್ನು ನೆಲಕ್ಕೆ ಹಾಕಿದರೆ ಪುಟಿಯದೆ ಬಹುಪಾಲು ಅಲ್ಲೇ ಕೂರುತ್ತದೆ. ಟ್ಯೂಬಿಗೆ ಆ ಗುಣ ಬೇಕಿರಲಿಲ್ಲ. ಸದ್ದಡಗಿಸುವವರಿಗೆ ಅದೇ ಚಿನ್ನ.

ಕರ್ವಿನ್ನರ ಹಾಳೆಯೂ ಬ್ಯೂಟೈಲಿನ ಅಂಟೂ ಕೂಡಿ ಮನೆಮನೆಯ ಕೈಗೆ ಬಂದದ್ದು ತೀರಾ ಈಚೆಗೆ. ಅದನ್ನು ತಂದವರು ಕಾರಿನಲ್ಲಿ ಹಾಡು ಕೇಳುವ ಹುಚ್ಚಿನವರು. ಬಾಗಿಲಿನೊಳಗೆ ದೊಡ್ಡ ಸ್ಪೀಕರ್ ಕೂರಿಸಿದರೆ ಬಾಗಿಲೇ ಅದರ ಪೆಟ್ಟಿಗೆಯಾಗುತ್ತದೆ. ತಗಡು ತಾನೂ ಹಾಡಲು ಹೊರಟರೆ ತಗ್ಗಿನ ಸ್ವರಗಳೆಲ್ಲ ಕಲಸಿಹೋಗುತ್ತವೆ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಡೈನಾಮ್ಯಾಟ್‌ನಂಥ ಹೆಸರುಗಳಲ್ಲಿ ಶೀಟುಗಳು ಮಾರುಕಟ್ಟೆಗೆ ಬಂದವು. ಮೊದಮೊದಲು ಡಾಂಬರಿನವು, ಆಮೇಲೆ ಬ್ಯೂಟೈಲಿನವು.

ಈಗ ಕೈಕೆಲಸಕ್ಕೆ ಬರೋಣ. ನನ್ನ ಹಳೆಯ ಹ್ಯಾಚ್‌ಬ್ಯಾಕಿನ ಬಾಗಿಲಿನಿಂದ ಕಲಿತದ್ದನ್ನೂ ಸೇರಿಸಿ ಹೇಳುತ್ತೇನೆ.

ಬಾಗಿಲಿನ ಒಳಹೊದಿಕೆ ಬಿಚ್ಚುವ ಮೊದಲು ಬ್ಯಾಟರಿಯ ತಂತಿ ತೆಗೆದು ಸ್ವಲ್ಪ ಹೊತ್ತು ಬಿಡಬೇಕು. ಪಕ್ಕದ ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ತಂಟೆಗೆ ಹೋಗಲೇಬಾರದು. ಕೆಲವು ಕಾರುಗಳಲ್ಲಿ ಬಾಗಿಲಿನ ಪೊಳ್ಳಿನೊಳಗಿನ ಗಾಳಿಯ ಒತ್ತಡ ನೋಡಿಯೇ ಗುದ್ದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಒಳಬದಿಯ ಮೂಲ ಮುಚ್ಚಿಗೆಯನ್ನು ಇದ್ದ ಹಾಗೆಯೇ ಮರಳಿ ಕೂರಿಸಬೇಕು, ಹೊಸ ತೂತು ಕೊರೆಯಬಾರದು, ಇದ್ದದ್ದನ್ನು ಮುಚ್ಚಬಾರದು. ಹೊದಿಕೆಯ ಹಿಂದಿರುವ ಪ್ಲಾಸ್ಟಿಕ್ ಹಾಳೆ ಕಸವೆಂದುಕೊಂಡು ಎಸೆಯುವವರಿದ್ದಾರೆ. ಮಳೆಗಾಲದಲ್ಲಿ ಗಾಜಿನ ಸಂದಿನಿಂದ ಬಾಗಿಲೊಳಗೆ ಇಳಿಯುವ ನೀರು ಕಾರ್ಪೆಟ್ಟಿಗೆ ಬರದಂತೆ ತಡೆಯುವುದು ಅದೇ. ಆ ನೀರು ಹೊರಹೋಗುವ ತೂತುಗಳು ಬಾಗಿಲಿನ ತಳದಲ್ಲಿರುತ್ತವೆ. ಶೀಟು ಅವುಗಳನ್ನು ಮುಚ್ಚಿದರೆ ಮಲೆನಾಡಿನ ಒಂದೇ ಮಳೆಗಾಲ ಸಾಕು, ಬಾಗಿಲು ಒಳಗಿನಿಂದ ತುಕ್ಕು ಹಿಡಿಯಲು.

ತಗಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಜಿಡ್ಡು, ದೂಳು ತೆಗೆಯುವುದೇ ಅರ್ಧ ಕೆಲಸ. ದೂಳಿನ ಮೇಲೆ ಅಂಟಿಸಿದ ಶೀಟಿನಲ್ಲಿ ಅಂಟು ತಗಡನ್ನು ಹಿಡಿಯುವುದೇ ಇಲ್ಲ, ಹಿಡಿಯದಿದ್ದರೆ ಜಗ್ಗುವುದೂ ಇಲ್ಲ. ಆಮೇಲೆ ರೋಲರ್. ಶೀಟಿನ ಮೇಲಿನ ಉಬ್ಬುಗೆರೆಗಳು ಮಾಸುವವರೆಗೆ ಒತ್ತಿ ಉರುಳಿಸಬೇಕು. ಅಲ್ಯೂಮಿನಿಯಂ ಅಂಚು ಬ್ಲೇಡಿಗಿಂತ ಕಡಿಮೆಯಿಲ್ಲ, ಕೈಗವಸು ಬೇಕೇ ಬೇಕು. ಗಾಜು ಇಳಿಯುವ ಜಾಗ, ಅದರ ಹಳಿ, ತಂತಿಗಳು ಇವಕ್ಕೆಲ್ಲ ಎಡೆ ಬಿಟ್ಟಿದ್ದೇವೆಯೇ ಎಂದು ಗಾಜನ್ನು ಪೂರ್ತಿ ಇಳಿಸಿ ಏರಿಸಿ ನೋಡಿದ ಮೇಲೇ ಹೊದಿಕೆ ಮುಚ್ಚಬೇಕು.

ಎಷ್ಟು ಹಚ್ಚಬೇಕು? ಇಲ್ಲಿ ಜನ ಹೆಚ್ಚು ಖರ್ಚು ಮಾಡಿಕೊಳ್ಳುತ್ತಾರೆ, ಅದು ನನಗೆ ಬೇಸರ ತರುತ್ತದೆ. ಪ್ಲಂಕೆಟ್ ಮತ್ತು ಲೀ ಎಂಬಿಬ್ಬರು 1970ರಲ್ಲಿ ತೋರಿಸಿದ್ದೇನೆಂದರೆ, ಮೇಲಿನ ಹಾಳೆಯನ್ನು ಸರಿಯಾದ ಉದ್ದದ ತುಂಡುಗಳಾಗಿ ಕತ್ತರಿಸಿದರೆ ಅಖಂಡ ಹಾಳೆಗಿಂತ ಅದು ಚೆನ್ನಾಗಿ ಕೆಲಸ ಮಾಡಬಲ್ಲುದು. ಜಗ್ಗಾಟ ಹೆಚ್ಚು ನಡೆಯುವುದು ತುಂಡಿನ ತುದಿಗಳ ಹತ್ತಿರ. ಇಂಚು ಬಿಡದೆ ಗೋಡೆಗೆ ಬಣ್ಣ ಬಳಿದ ಹಾಗೆ ಹಚ್ಚುವ ಅಗತ್ಯವೇ ಇಲ್ಲ. ಚಪ್ಪಟೆ ತಗಡಿನ ನಡುಭಾಗದಲ್ಲಿ ಕಾಲು ಭಾಗದಷ್ಟು ಮುಚ್ಚಿದರೂ ಟಣ್ಣೆನ್ನುವುದು ಟಪ್ಪೆನ್ನುತ್ತದೆ. ಉಳಿದ ಹಣವನ್ನು ಹಿಂದಿನ ಚಕ್ರಗಳ ಕಮಾನಿಗೂ ನೆಲಕ್ಕೂ ಇಡಿ. ಟೈರಿನ ಗುಂಯ್‌ಗಾಟ, ಅದರಲ್ಲೂ ಬೆಂಗಳೂರಿನ ಕಾಂಕ್ರೀಟು ರಸ್ತೆಗಳ ಮೇಲೆ, ಅಲ್ಲಿಂದಲೇ ಏಳುತ್ತದೆ. ಶೀಟನ್ನು ಆರಿಸುವಾಗ ಕಡಿಮೆ ಬೆಲೆಯ ಡಾಂಬರಿನ ರೋಲು ಬೇಡ. ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. ಡಾಂಬರು ಮೆತ್ತಗಾಗಿ ಜಾರುತ್ತದೆ, ಕಾರಿನೊಳಗೆ ವಾಸನೆ ತುಂಬುತ್ತದೆ.

ಶೀಟು ಹಚ್ಚಿದ ಮೇಲೂ ಪಕ್ಕದ ಬಸ್ಸಿನ ಹಾರ್ನು ಹಾಗೆಯೇ ಕೇಳುತ್ತದಲ್ಲ ಎನ್ನುವವರು ಬಹಳ ಮಂದಿ. ಅದು ಶೀಟಿನ ತಪ್ಪಲ್ಲ. ಶೀಟು ಅಡಗಿಸುವುದು ತಗಡು ತಾನಾಗಿ ಬಾರಿಸಿಕೊಳ್ಳುವ ಸದ್ದನ್ನು. ಗಾಳಿಯಲ್ಲಿ ಬಂದು ತಗಡನ್ನು ತಳ್ಳಿ ದಾಟುವ ಸದ್ದಿಗೆ ಮತ್ತೆ ಬರ್ಗರ್ ಹೇಳಿದ ತೂಕವೇ ಬೇಕು. ಅದಕ್ಕಾಗಿ ಭಾರದ ವಿನೈಲ್ ಹಾಳೆಯನ್ನು ಫೋಮಿನ ಮೇಲೆ ತೇಲಿಸಿದಂತೆ ಹಾಸುತ್ತಾರೆ. ಇನ್ನು ಬರಿಯ ಫೋಮಿನ ಕತೆ ಬೇರೆ. 1895ರಿಂದ ಹಾರ್ವರ್ಡಿನ ವ್ಯಾಲೇಸ್ ಸೇಬಿನ್ ರಾತ್ರಿಯೆಲ್ಲ ಸ್ಯಾಂಡರ್ಸ್ ಥಿಯೇಟರಿನ ಸೀಟುಗಳ ಮೆತ್ತೆಗಳನ್ನು ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸದ ಕೋಣೆಗೆ ಹೊತ್ತು ತಂದು, ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯಲು ಹಿಡಿಯುವ ಹೊತ್ತನ್ನು ಅಳೆದು, ಬೆಳಗಾಗುವ ಮುನ್ನ ಮೆತ್ತೆಗಳನ್ನು ಹಿಂದಿರುಗಿಸುತ್ತಿದ್ದರು. ಮೆತ್ತನೆಯ ವಸ್ತು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೇಗೆ ನುಂಗುತ್ತದೆ ಎಂಬ ಲೆಕ್ಕ ಸಿಕ್ಕಿದ್ದು ಹೀಗೆ. ಆದರೆ ಸೀಟು, ಕಾರ್ಪೆಟ್ಟು, ಚಾವಣಿಯ ಬಟ್ಟೆ ಇರುವ ಕಾರಿನಲ್ಲಿ ಪ್ರತಿಧ್ವನಿ ಮೊದಲೇ ಕಡಿಮೆ. ನೂರು ಹರ್ಟ್ಸಿನ ಗುಡುಗಿನ ಅಲೆ ಮೂರು ಮೀಟರಿಗೂ ಉದ್ದ. ಬೆರಳು ದಪ್ಪದ ಫೋಮು ಅದಕ್ಕೆ ಅಡ್ಡಿಯೇ ಆಗದು. ತೆಳು ಫೋಮನ್ನು ಬಾಗಿಲಿಗೆ ಹಚ್ಚಿ 'ಸೌಂಡ್ ಪ್ರೂಫ್' ಎಂದು ಮಾರುವುದನ್ನು ನಂಬಬೇಡಿ.

ಕೊನೆಗೆ ಗಾಜು. ಕಾರು ವೇಗ ಪಡೆದಂತೆ ಗಾಳಿಯ ಸೀಟಿ ಗಾಜಿನಿಂದಲೇ ಹೆಚ್ಚು ಬರುತ್ತದೆ. ಲೋಥಾರ್ ಕ್ರೆಮರ್ 1942ರಲ್ಲಿ ವಿವರಿಸಿದಂತೆ, ಓರೆಯಾಗಿ ಬಂದ ಸದ್ದಿನ ಅಲೆಯೂ ಫಲಕದೊಳಗಿನ ಬಾಗುವ ಅಲೆಯೂ ಒಂದೇ ಹೆಜ್ಜೆ ಹಾಕುವ ಒಂದು ಕಂಪನಾಂಕದಲ್ಲಿ ಫಲಕ ಸದ್ದಿಗೆ ಬಾಗಿಲು ತೆರೆದುಬಿಡುತ್ತದೆ. ನಾಲ್ಕು ಮಿಲಿಮೀಟರಿನ ಗಾಜಿಗೆ ಅದು ಸುಮಾರು 3,000 ಹರ್ಟ್ಸ್, ನಮ್ಮ ಕಿವಿ ತುಂಬ ಚುರುಕಾಗಿರುವ ಜಾಗ. ದುಬಾರಿ ಕಾರುಗಳ ಗಾಜಿನಲ್ಲಿ ಎರಡು ಪದರಗಳ ನಡುವೆ ಮೆತ್ತನೆಯ ಪ್ಲಾಸ್ಟಿಕ್ ಇಟ್ಟಿರುತ್ತಾರೆ, ಅಲ್ಲಿಯೂ ಕರ್ವಿನ್ನರದೇ ಉಪಾಯ. ಅದನ್ನು ಮನೆಯಲ್ಲಿ ಮಾಡಲಾಗದು. ಆದರೆ ಬಾಗಿಲ ಸುತ್ತಿನ ರಬ್ಬರ್ ಬೀಡಿಂಗನ್ನು ಪರೀಕ್ಷಿಸಬಹುದು. ಒಂದು ಕಾಗದದ ಪಟ್ಟಿಯನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸಂದಿದೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಉಳಿದ ಭಾಗ ಎಷ್ಟೇ ಗಟ್ಟಿಯಿರಲಿ, ಒಟ್ಟು ತಡೆ 20 ಡೆಸಿಬೆಲ್ ಮೀರದು. ಹಾಗಾಗಿ ಶೀಟಿಗೆ ದುಡ್ಡು ಕೊಡುವ ಮೊದಲು ನಾಲ್ಕೂ ಬಾಗಿಲಿಗೆ, ಡಿಕ್ಕಿಗೂ ಈ ಕಾಗದದ ಪರೀಕ್ಷೆ ಮಾಡಿ, ಸವೆದ ಬೀಡಿಂಗನ್ನು ಮೊದಲು ಬದಲಿಸಿಕೊಳ್ಳಿ.